ಇಲಿಗೆ ವಾಸಿಯಾದ ಲಿವರ್ ಕ್ಯಾನ್ಸರ್ ನಮಗೂ ವಾಸಿಯಾಗುತ್ತಾ?

ಧಾರವಾಡದಲ್ಲಿ ಫಾರ್ಮಸಿ ಹುಡುಗರಿಗೆ ಪಾಠ ಮಾಡುವವನು ನಾನು. ಮದುವೆ ಮನೆ ಇರಲಿ, ಲೈನ್ ಬಜಾರ್‌ನ ಪೇಡೆ ಅಂಗಡಿ ಇರಲಿ, ಗುರುತಿನವರು ಮೊಬೈಲ್ ಮುಂದೆ ಹಿಡಿದು ಕೇಳುತ್ತಾರೆ: “ಸರ್, ನೆಲನೆಲ್ಲಿ ರಸಾ ಕೊಟ್ರ ಇಲಿ ಲಿವರ್ ಕ್ಯಾನ್ಸರ್ ಹೋಗ್ತದಂತ. ನಮ್ಮ ಕಾಕಾಗೂ ಕೊಡಬಹುದೇನ್ರಿ?” ಒಮ್ಮೆ ಅರಿಶಿನ, ಒಮ್ಮೆ ಅಮೃತಬಳ್ಳಿ. ಇಲಿ ಮಾತ್ರ ಅದೇ.

ನಾನು ತಿರುಗಿ ಕೇಳುತ್ತೇನೆ. ರಸ ಕೊಟ್ಟದ್ದು ಯಾವಾಗ? ಗಡ್ಡೆ ಬೆಳೆದ ಮೇಲೋ, ಮೊದಲೋ?

ಆ ಇಲಿಗೆ ಕ್ಯಾನ್ಸರ್ ತಾನಾಗಿ ಬಂದಿರುವುದಿಲ್ಲ, ತರಿಸಿರುತ್ತಾರೆ. ಹೆಚ್ಚಾಗಿ ಬಳಸುವ ಕೆಮಿಕಲ್ ಡೈಈಥೈಲ್‌ನೈಟ್ರೊಸಮೀನ್. ಲ್ಯಾಬಿನಲ್ಲಿ ‘ಡೆನ್’ ಅಂತೀವಿ. ಒಂದು ಪದ್ಧತಿಯಲ್ಲಿ ಎರಡು ವಾರದ ಗಂಡು ಮರಿಗೆ ಒಂದೇ ಒಂದು ಇಂಜೆಕ್ಷನ್. ಆ ವಯಸ್ಸಿನಲ್ಲಿ ಲಿವರ್ ಇನ್ನೂ ಬೆಳೆಯುತ್ತಿರುತ್ತದೆ. ಡಿಎನ್‌ಎಗೆ ಬಿದ್ದ ಪೆಟ್ಟು ರಿಪೇರಿಯಾಗುವ ಮೊದಲೇ ಕೋಶ ಒಡೆದು ಎರಡಾಗುತ್ತದೆ. 8-9 ತಿಂಗಳ ನಂತರ ಹೊಟ್ಟೆ ತೆರೆದರೆ, ನುಣ್ಣಗೆ ಕಂದುಗೆಂಪಾಗಿ ಇರಬೇಕಾದ ಲಿವರ್ ಮೇಲೆ ಬಿಳಿಚಿದ ಗಂಟುಗಳು. ಕ್ಯಾಲಿಪರ್ ಹಿಡಿದು ಒಂದೊಂದನ್ನೂ ಅಳೆದು ಬರೆದುಕೊಳ್ಳಬೇಕು. ಹೆಣ್ಣಿಲಿಗಳಲ್ಲಿ ಗಂಟು ತೀರಾ ಕಡಿಮೆ. ಮನುಷ್ಯರಲ್ಲೂ ಈ ರೋಗ ಗಂಡಸರಿಗೇ ಜಾಸ್ತಿ ಅಲ್ವಾ, ಅಷ್ಟರ ಮಟ್ಟಿಗೆ ಇಲಿ ನಮ್ಮನ್ನು ಹೋಲುತ್ತದೆ.

ಈಗ ಮುಖ್ಯ ಮಾತು. ಡೆನ್ ನೇರವಾಗಿ ಡಿಎನ್‌ಎ ಕೆಡಿಸುವುದಿಲ್ಲ. ಲಿವರ್‌ನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆದಾಗಲೇ ಅದು ವಿಷವಾಗುವುದು. ಡೆನ್‌ಗೆ ಮುಂಚಿನಿಂದಲೇ ಸೊಪ್ಪಿನ ರಸ ಕುಡಿಸುತ್ತಾ ಬಂದರೆ, ಆ ರಸ ಈ ಕಿಣ್ವವನ್ನೇ ತಡೆಹಿಡಿದಿರಬಹುದು. ವಿಷ ತಯಾರಾಗಲಿಲ್ಲ, ಗಂಟೂ ಕಡಿಮೆಯಾಯಿತು. ವಾಸಿಯಾದದ್ದು ಏನೂ ಇಲ್ಲ. ಇಂಥ ಪ್ರಯೋಗಗಳು ನಮ್ಮಲ್ಲಿ ಬೇಕಾದಷ್ಟು. ಪಿಎಚ್‌.ಡಿ.ಗೆ ಸಾಕು, ಕಾಕಾಗೆ ಸಾಲದು.

ಕಾಕಾನ ಕಥೆಯೇ ಬೇರೆ. ನಮ್ಮಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಕುಡಿತ, ಇಲ್ಲವೇ ಕೊಬ್ಬಿನಿಂದ ವರ್ಷಗಟ್ಟಲೆ ಗಾಯಗೊಂಡು ಗಟ್ಟಿಯಾದ ಲಿವರ್‌ನಲ್ಲಿ ಹುಟ್ಟುತ್ತದೆ. ಒಂದೇ ಇಂಜೆಕ್ಷನ್ ತಿಂದ ಇಲಿಗೆ ಸಾಮಾನ್ಯವಾಗಿ ಅಂಥ ಗಟ್ಟಿ ಲಿವರ್ ಇರುವುದಿಲ್ಲ. ಸೊಪ್ಪಿನ ರಸದಿಂದ ನಷ್ಟವೇನಿಲ್ಲ ಅನ್ನುವವರೂ ಇದ್ದಾರೆ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟ ರೋಗಿಗಳ ಬಗ್ಗೆ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮೊದಲೇ ಸೋತ ಲಿವರ್ ಮೇಲೆ ಆ ಪರೀಕ್ಷೆ ಬೇಡ ಅಂತ ನಾನು ಹೇಳುತ್ತೇನೆ. ಕಾಕಾಗೆ ಹೆಪಟೈಟಿಸ್ ಬಿ ಇದ್ದರೆ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ.

“ಹಂಗಾದ್ರ ಇಲಿ ಸುಮ್ನೆ ಸಾಯ್ತಾವೇನ್ರಿ?” ಇಲ್ಲ. ಕಾರಣ ಹುಡುಕಲು ಇಲಿ ಬಹಳ ಉಪಯೋಗಕ್ಕೆ ಬಂದಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ತಿಂದದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅದರಲ್ಲಿದ್ದ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಲಿವರ್ ಕ್ಯಾನ್ಸರ್ ತರುತ್ತದೆ ಅಂತ ತೋರಿಸಿದ್ದು ದೊಡ್ಡ ಜಾತಿಯ ಇಲಿಗಳು (ರ‍್ಯಾಟ್). ಸಣ್ಣ ಜಾತಿಯ ಬಿಳಿ ಇಲಿಗೆ (ಮೌಸ್), ಬೆಳೆದ ಮೇಲೆ, ಅದೇ ವಿಷ ಅಷ್ಟಾಗಿ ತಟ್ಟುವುದಿಲ್ಲ, ಅದರ ಲಿವರ್‌ನಲ್ಲಿ ವಿಷ ಅಡಗಿಸುವ ಕಿಣ್ವ ಜೋರಾಗಿದೆ. ಬರೀ ಸಣ್ಣ ಇಲಿಯನ್ನೇ ನಂಬಿದ್ದರೆ ಶೇಂಗಾ ಪಾರಾಗಿಬಿಡುತ್ತಿತ್ತು.

ಗದಗ ಕಡೆ ಶೇಂಗಾ ಬೆಳೆಯುವ ನಮ್ಮ ನೆಂಟರಿಗೆ ಇದನ್ನೇ ಹೇಳುವುದು. ಕಾಯಿ ಚೆನ್ನಾಗಿ ಒಣಗಿಸಿ. ಬೂಷ್ಟು ಹಿಡಿದದ್ದು, ಸುಕ್ಕಾದದ್ದು ಆರಿಸಿ ತೆಗೆಯಿರಿ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆರಿಸಿದ್ದನ್ನು ಎಮ್ಮೆಗೆ ಹಾಕಬೇಡಿ, ಹಾಲಿಗೆ ಇಳಿಯುತ್ತದೆ.