ಕಲ್ಲಿಗೆ ಇಷ್ಟು ಪಣ

ರಾಯಚೂರು, 21 ಜನವರಿ 2024, ಭಾನುವಾರ

ಈ ಸಂಜೆ ಮತ್ತೆ ಕೋಟೆಯ ಕಡೆ ಹೋಗಿ ಬಂದೆ. 1294ರ ಶಾಸನ ಹೊತ್ತ, ಸುಮಾರು 41 ಅಡಿ ಉದ್ದದ ಆ ಒಂದೇ ಕಲ್ಲನ್ನು ಚಿಕ್ಕಂದಿನಿಂದಲೂ ನೋಡುತ್ತಿದ್ದೇನೆ. ಅದನ್ನು ಗಾಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸುತ್ತಿರುವ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಕಲ್ಲು ತಂದವರಿಗೆ ಗೋಡೆಯಲ್ಲಿ ಜಾಗ ಸಿಕ್ಕಿತು. 1520ರ ಯುದ್ಧದಲ್ಲಿ ವಿಜಯನಗರದ ಸೇನೆ ಮುತ್ತಿಗೆ ಹಾಕಿದಾಗ ಇದೇ ಕೋಟೆಯ ಕಲ್ಲು ಕಿತ್ತವರಿಗೆ ಸಿಗಲಿಲ್ಲ.

ಎರಡು ತಿಂಗಳಿಂದ ಅವರ ಕಥೆಯನ್ನೇ ಬರೆಯುತ್ತಿದ್ದೇನೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಆ ಯುದ್ಧದ ಎರಡು ಸಂಗತಿಗಳಿವೆ. ಒಂದು ಎಲ್ಲರಿಗೂ ಪ್ರಿಯವಾದದ್ದು: ಬಿಜಾಪುರದ ಆದಿಲ್ ಶಾಹಿಯ ಫಿರಂಗಿಗಳಿಗೆ ಮುಂಚೂಣಿ ಚದುರಿದಾಗ ಕೃಷ್ಣದೇವರಾಯ ತನ್ನ ಉಂಗುರವನ್ನು ಸೇವಕನ ಕೈಗಿತ್ತು, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸೆಂದು ಹೇಳಿ, ಕುದುರೆಯೇರಿ ನುಗ್ಗಿದ್ದು. ಇನ್ನೊಂದನ್ನು ಯಾರೂ ನೆನೆಯುವುದಿಲ್ಲ: ಕೋಟೆ ಒಡೆಯುವ ಬೇರೆ ಸಾಧನವಿಲ್ಲದೆ ಜನ ಗೋಡೆಯಿಂದ ಕಿತ್ತು ತಂದ ಕಲ್ಲುಗಳನ್ನೇ ದಂಡನಾಯಕರು ಕೊಂಡುಕೊಂಡರು, ಕಲ್ಲಿಗೆ ತಕ್ಕಂತೆ 10ರಿಂದ 50 ಪಣದವರೆಗೆ (ಪಣ ಅಂದಿನ ನಾಣ್ಯ). ಮೇಲಿನಿಂದ ಬಾಣವೂ ಗುಂಡೂ ಸುರಿಯುತ್ತಿರುವಾಗ ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋದವನು ನನ್ನ ಕಥಾನಾಯಕ.

ಗೆಳೆಯನೊಬ್ಬ ಕರಡು ಓದಿ, ಕೂಲಿಗಾಗಿ ಹೋದವನಲ್ಲಿ ಶೌರ್ಯವೆಲ್ಲಿಂದ ಬಂತು, ಯುದ್ಧದ ಕಥೆಯಲ್ಲಿ ವೀರನೆಂಬ ಮಾತೇ ಸುಳ್ಳಲ್ಲವೇ ಎಂದು ಕೇಳಿದ. ನಾನು ಒಪ್ಪಲಾರೆ. ಪಕ್ಕದವನು ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೂ ಸಡಿಲವಾದ ಕಲ್ಲಿನ ಸಂದಿಗೆ ಮತ್ತೆ ಹಾರೆ ತೂರಿಸುವ ಕೈಯನ್ನು ಬೇರೆ ಯಾವ ಹೆಸರಿನಿಂದ ಕರೆಯಲಿ? ಅವನ ಎದೆ ರಾಜನ ಎದೆಯಷ್ಟೇ ಹೊಡೆದುಕೊಂಡಿತ್ತು, ಮನೆಗೆ ಕಳಿಸಲು ಉಂಗುರ ಮಾತ್ರ ಇರಲಿಲ್ಲ. ಶೌರ್ಯ ಇದ್ದೇ ಇದೆ. ನನ್ನನ್ನು ಕಾಡುವುದು ಕೀರ್ತಿ, ಏಕೆಂದರೆ ಅದನ್ನು ಕೊಡುವವರು ಬದುಕುಳಿದವರು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಡಿದವನನ್ನು ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರ ಕೈಗೆ ಒಪ್ಪಿಸಿದವರೂ ಅವರೇ.

ಆದರೂ ಕೀರ್ತಿಯನ್ನು ಕಥೆಯಿಂದ ಪೂರ್ತಿ ಹೊರಗಿಡಲು ‘ಗದಾಯುದ್ಧ’ದ ಕವಿ ರನ್ನ ಬಿಡುವುದಿಲ್ಲ. ಹೆಣಗಳ ನಡುವೆ ನಡೆಯುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿಗೆ ಕೈಮುಗಿದು, ನಿನ್ನ ಸಾಹಸದ ಒಂದಂಶದಷ್ಟಾದರೂ ನನ್ನ ಸಾವಿಗೆ ಒದಗಲಿ ಎನ್ನುತ್ತಾನೆ. ಆಮೇಲೆ ಸ್ವಂತ ಮಗ ಲಕ್ಷ್ಮಣಕುಮಾರನ ಶವ ಕಾಣುತ್ತದೆ; ಮಗ ತಂದೆಗೆ ಬಿಡಬೇಕಾದ ತರ್ಪಣದ ನೀರನ್ನು ತಂದೆಯೇ ಮಗನಿಗೆ ಬಿಡುವಂತಾಯಿತಲ್ಲ ಎಂದು ಅವನು ಮರುಗುತ್ತಾನೆ. ಆ ಹೊಗಳಿಕೆಯನ್ನು ನಾನು ನಂಬುವುದು ಅದರ ಬೆನ್ನಿಗೇ ಈ ಅಳಲು ಬರುವುದರಿಂದ. ಕೀರ್ತಿಯ ಮಾತು ಮಗನ ಹೆಣದ ಎದುರೂ ನಿಲ್ಲುವಂತಿದ್ದರೆ ನಿಲ್ಲಲಿ, ಇಲ್ಲದಿದ್ದರೆ ನನ್ನ ಕಥೆಗೆ ಅದು ಬೇಡ.

ಮನೆಗೆ ಬಂದು ಕೊನೆಯ ಪುಟ ತೆಗೆದೆ. ಅಲ್ಲಿ ವಿಜಯದ ಭೇರಿ ಬಾರಿಸಿದ್ದೆ, ನಾಯಕನ ಕಣ್ಣಲ್ಲಿ ಹೆಮ್ಮೆಯ ನೀರು ತರಿಸಿದ್ದೆ. ಎರಡನ್ನೂ ಹೊಡೆದು ಹಾಕಿದೆ. ಈಗ ಅವನು ಹೆಗಲ ಮೇಲೆ ಕಲ್ಲು ಹೊತ್ತು ಸಾಲಿನಲ್ಲಿ ನಿಂತಿದ್ದಾನೆ. ಜೊತೆಗಾರ ಕಿತ್ತಿಟ್ಟಿದ್ದ ಕಲ್ಲೂ ಕಾಲ ಬಳಿ ಇದೆ, ಅದರ ಪಣವನ್ನು ಯಾರ ಹೆಸರಿಗೆ ಕೇಳಬೇಕೆಂದು ಅವನಿಗೆ ತಿಳಿಯುತ್ತಿಲ್ಲ.