ಪುನಃ ವಾಲಿವಧೆಯಾ?

ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಂಗಳೂರು, ಉಡುಪಿ ಕಡೆ ತಾಳಮದ್ದಲೆಯ ಕಾಲ. ಇದರಲ್ಲಿ ವೇಷ, ಕುಣಿತ ಇಲ್ಲ; ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಅದಕ್ಕೆ ಮಾತು ಕಟ್ಟುತ್ತಾರೆ. ತುಳುವರ ಆಟಿ ತಿಂಗಳ ಮಳೆ ಹೊರಗೆ ಹೊಯ್ಯುತ್ತಿರುತ್ತದೆ, ಒಳಗೆ ದೇವಸ್ಥಾನದ ಸಭಾಂಗಣದಲ್ಲಿ ಕೂಟ. ಆಮಂತ್ರಣ ಪತ್ರಿಕೆ ಕೈಗೆ ಬಂದ ಕೂಡಲೇ ಏಳುವ ಗೊಣಗಾಟವೂ ವರ್ಷವರ್ಷದ್ದೇ: 'ಪುನಃ ವಾಲಿವಧೆಯಾ? ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ಎಷ್ಟು ಸಲ ಕೇಳುವುದು ಮಾರಾಯ್ರೆ!'

ಎಷ್ಟು ಸಲ ಬೇಕಾದರೂ ಕೇಳಬಹುದು. ಆದರೆ ಹಿಂದಿನವರಿಗೆ ಸಿಕ್ಕಿದ ಉತ್ತರ ಗೊತ್ತಿದ್ದು ಕೇಳಬೇಕು. ಕೂಟ ಕಳೆಗುಂದುವುದು ಹಳೆಯ ಪ್ರಶ್ನೆಯಿಂದ ಅಂತ ನನಗೆ ಅನಿಸುವುದಿಲ್ಲ. ಉತ್ತರ ಬಂದಮೇಲೂ ಉತ್ತರವೇ ಬಾರದವರ ಹಾಗೆ ಅದೇ ಮೆಟ್ಟಿಲಲ್ಲಿ ನಿಲ್ಲುವುದರಿಂದ ಕಳೆಗುಂದುತ್ತದೆ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ 17ನೆಯ ಸರ್ಗ ವಾಲಿಯ ಆಕ್ಷೇಪ, 18ನೆಯದು ರಾಮನ ಉತ್ತರ. ಎರಡನ್ನೂ ಒಂದು ಕಾಗದದಲ್ಲಿ ಎದುರುಬದುರು ಬರೆದುಕೊಳ್ಳಿ. ವಾಲಿಯ ಕಡೆ: ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನನ್ನು ಹೊಡೆದೆ, ನಿನ್ನ ನಾಡಿಗೆ ನಾನು ಕೇಡು ಮಾಡಲಿಲ್ಲ, ಐದು ಉಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದವು ಮುಳ್ಳುಹಂದಿಯ ಜಾತಿಯವು, ಉಡ, ಮೊಲ, ಆಮೆ ಮಾತ್ರ, ನನ್ನ ಮಾಂಸವೂ ಚರ್ಮವೂ ನಿನಗೆ ಬೇಡದ್ದು, ಸೀತೆಗಾಗಿ ಅಂತಾದರೆ ನನಗೆ ಹೇಳಿದ್ದರೆ ಸಾಕಿತ್ತು. ರಾಮನ ಕಡೆ: ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಧರ್ಮ ತಪ್ಪಿದವನಿಗೆ ದಂಡನೆ, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಸುಗ್ರೀವನಿಗೆ ಮಾತು ಕೊಟ್ಟಿದ್ದೆ, ನೀನು ಶಾಖಾಮೃಗ, ಅಂದರೆ ಮಂಗ, ಬೇಟೆಯಲ್ಲಿ ಮರೆ ದೋಷವಲ್ಲ.

ಬರೆದ ಮೇಲೆ ರಾಮನ ಸಾಲಿನಲ್ಲಿ ಎರಡು ಮಾತು ಒಂದಕ್ಕೊಂದು ತಾಗುವುದು ಕಾಣುತ್ತದೆ. ವಾಲಿ ಮೃಗವಾದರೆ ಅವನಿಗೆ ರುಮೆಯ ವಿಷಯದಲ್ಲಿ ಧರ್ಮ ಎಲ್ಲಿಂದ ಬಂತು? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆಯ ನ್ಯಾಯ ಹೇಗೆ? ಇದೂ ಹೊಸತಲ್ಲ, ಕರಾವಳಿಯ ಕೂಟಗಳಲ್ಲಿ ಚೆನ್ನಾಗಿ ಅರೆದದ್ದೇ. ಅದರಿಂದಲೇ ಇದನ್ನು ಎರಡು ವಾಕ್ಯದಲ್ಲಿ ಎತ್ತಿ ಮುಂದೆ ಹೋಗಬೇಕು. ಹೊಸ ಕೇಳುಗನಿಗೆ ವಿಷಯ ಸಿಗುತ್ತದೆ, ಹಳಬನಿಗೆ ಬೇಸರ ಬರುವಷ್ಟು ಹೊತ್ತು ಆಗುವುದಿಲ್ಲ.

ಮುಂದೆ ಎಂದರೆ ಎಲ್ಲಿಗೆ? ಒಂದು ದಾರಿ ಹೇಳುತ್ತೇನೆ. ಮಾಯಾವಿಯನ್ನು ಅಟ್ಟಿಸಿಕೊಂಡು ಗುಹೆಗೆ ಹೋದ ವಾಲಿ ವರ್ಷ ಕಳೆದರೂ ಬರಲಿಲ್ಲ. ನೊರೆರಕ್ತ ಕಂಡು, ಅಣ್ಣ ಸತ್ತನೆಂದು ಬಗೆದು, ಸುಗ್ರೀವ ಬಾಯಿಗೆ ಬಂಡೆ ಮುಚ್ಚಿ ಬಂದ. ಆಗ ತನಗೆ ರಾಜ್ಯದ ಜೊತೆ ವಾಲಿಯ ಹೆಂಡತಿ ತಾರೆಯೂ ರುಮೆಯೂ ದೊರೆತರೆಂದು ಅದೇ ಕಾಂಡದಲ್ಲಿ ಮುಂದೆ ಸುಗ್ರೀವನೇ ಹೇಳುತ್ತಾನೆ. ವಾಲಿ ಕೇಳಬಹುದು: ತಮ್ಮನ ಹೆಂಡತಿ ಸೊಸೆಯ ಸಮಾನ ಎಂದೆ, ಅತ್ತಿಗೆ ಯಾರ ಸಮಾನ? ಅವನಿಗೆ ಸ್ನೇಹ, ನನಗೆ ಬಾಣವೇ? ಇಲ್ಲಿ ತಡವರಿಸುವ ರಾಮರೇ ಹೆಚ್ಚು. ಉತ್ತರ 18ನೆಯ ಸರ್ಗದ ಒಂದು ಪದದಲ್ಲಿದೆ: 'ಧರಮಾಣಸ್ಯ', ಅಂದರೆ ಸುಗ್ರೀವ ಜೀವಂತ ಇರುವಾಗಲೇ. ಅಣ್ಣ ಸತ್ತನೆಂದು ನಂಬಿದವನ ನಡತೆ ಒಂದು, ತಮ್ಮ ಬದುಕಿದ್ದಾನೆಂದು ತಿಳಿದೂ ಅವನನ್ನು ಓಡಿಸಿ ಹೆಂಡತಿಯನ್ನು ಇಟ್ಟುಕೊಂಡವನ ನಡತೆ ಇನ್ನೊಂದು. ಬೇಟೆಯ ಮಾತನ್ನು ಕೈಬಿಟ್ಟು ಇದನ್ನು ಹಿಡಿದ ರಾಮನಿಗೆ ನಿಲ್ಲಲು ನೆಲ ಇರುತ್ತದೆ.

ಹಳೆಯ ಧ್ವನಿಸುರುಳಿಗಳಿಂದ ಕಲಿತವರಿಗೆ ಒಂದು ಕಷ್ಟ ಇದೆ. ಹಿಂದಿನ ತಲೆಮಾರಿನ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಬೇಕು, ಸಂಶಯವಿಲ್ಲ. ಬಾಯಿಪಾಠ ಮಾಡಿದರೆ ಮಾತ್ರ ಕೆಡುತ್ತದೆ. ಅಲ್ಲಿನ ಮಾತು ಅಂದು ಇದಿರು ಕುಳಿತವರ ಮಾತಿಗೆ ಹುಟ್ಟಿದ್ದು. ಇಂದಿನ ರಾಮ ಬೇರೆ ಎಳೆ ಹಿಡಿದಾಗ ಕಂಠಪಾಠದ ವಾಲಿ ಯಾರೂ ಹೇಳದ ಮಾತಿಗೆ ಉತ್ತರ ಕೊಡುತ್ತಾ ಕೂರುತ್ತಾನೆ. ಸುರುಳಿಯಿಂದ ವಾದದ ಕ್ರಮ ತೆಗೆದುಕೊಳ್ಳಿ, ವಾಕ್ಯ ಬಿಡಿ.

ಸಮಯದ ಲೆಕ್ಕ ಹೇಳದಿದ್ದರೆ ಇದೆಲ್ಲ ಗಾಳಿಮಾತು. ಈಗಿನ ಕೂಟ ಹೆಚ್ಚಾಗಿ 3 ಗಂಟೆ. ಪದ್ಯಕ್ಕೆ ಎರಡೂವರೆ ನಿಮಿಷ ಹಿಡಿದರೆ 24 ಪದ್ಯಕ್ಕೆ 1 ಗಂಟೆ ಹೋಯಿತು. ಸ್ತುತಿಗೆ 10 ನಿಮಿಷ. ಉಳಿದ 110ರಲ್ಲಿ ಸುಗ್ರೀವನ ಪೀಠಿಕೆಗೆ (ಪಾತ್ರದ ಆರಂಭದ ಮಾತಿಗೆ) 15, ರಾಮ–ಸುಗ್ರೀವರ ಸಖ್ಯಕ್ಕೆ 15, ವಾಲಿ–ಸುಗ್ರೀವರಿಗೆ 10, ತಾರೆಗೆ 20, ವಾಲಿ–ರಾಮರಿಗೆ 50. ಆಗುವುದೇನು? ಸುಗ್ರೀವನ ಪೀಠಿಕೆ 40 ನಿಮಿಷಕ್ಕೆ ಹಿಗ್ಗುತ್ತದೆ, ಸಖ್ಯವೂ ಅಷ್ಟೇ ನುಂಗುತ್ತದೆ, ಬಾಣ ತಾಗುವಾಗ ಸಂಘಟಕರು ಗಡಿಯಾರ ನೋಡುತ್ತಿರುತ್ತಾರೆ. ವಾಲಿ ಕೇಳುವುದಷ್ಟೇ ಆಗುತ್ತದೆ, ರಾಮನ ಸರದಿ ಬರುವಾಗ ಮಂಗಳ. ಸಭೆ ಮನೆಗೆ ಒಯ್ಯುವುದು ಉತ್ತರವಿಲ್ಲದ ಪ್ರಶ್ನೆಯನ್ನು. 'ಅದೇ ಚರ್ಚೆ' ಎಂಬ ಬೇಸರದ ಅರ್ಧಪಾಲು ಹುಟ್ಟುವುದು ಇಲ್ಲಿ.

ಇದಕ್ಕೆ ಭಾಗವತರೇ ಮದ್ದು. ಎಳೆದಾಟ ಸುತ್ತು ಹೊಡೆಯಲು ಶುರುವಾದರೆ ಮುಂದಿನ ಪದ್ಯ ಎತ್ತಿಬಿಡಬೇಕು. ಹಾಗೆ ಎತ್ತಲು ಸಲಿಗೆ ಬೇಕು, ಅದನ್ನು ಕೂಟಕ್ಕೆ ಮೊದಲು ಚಾ ಕುಡಿಯುವಾಗಲೇ ಮಾತಾಡಿಕೊಳ್ಳಬೇಕು. ಪದ್ಯದ ಪಟ್ಟಿ ಕನಿಷ್ಠ ಎರಡು ದಿನ ಮೊದಲು ಎಲ್ಲ ಅರ್ಥಧಾರಿಗಳ ಕೈ ಸೇರಬೇಕು. ಯಾವ ಪದ್ಯ ಬಿಟ್ಟಿದೆ ಎಂದು ಗೊತ್ತಿಲ್ಲದೆ ಕೂತವನು ಬಾರದ ಪದ್ಯಕ್ಕೆ ಮಾತು ಕೂಡಿಟ್ಟುಕೊಂಡಿರುತ್ತಾನೆ, ಕೊನೆಗೆ ಅದನ್ನು ಎಲ್ಲಾದರೂ ಸುರಿಯುತ್ತಾನೆ.

ಎಲ್ಲ ಹಳೆಯ ಪ್ರಶ್ನೆಗೂ ಒಂದೇ ಅಳತೆ ಹಿಡಿಯಬಾರದು. ಕೃಷ್ಣಸಂಧಾನದಲ್ಲಿ 'ನನ್ನ ಅರಮನೆಯ ಊಟ ಬಿಟ್ಟು ವಿದುರನ ಮನೆಗೆ ಯಾಕೆ ಹೋದೆ' ಎಂದು ಕೌರವ ಅರ್ಧ ಗಂಟೆ ಹಿಡಿಯುವುದುಂಟು. ಮೂಲ ಭಾರತದಲ್ಲೇ ಕೃಷ್ಣ ಅದಕ್ಕೆ ಬಾಗಿಲು ಹಾಕಿದ್ದಾನೆ: ಪ್ರೀತಿ ಇದ್ದಲ್ಲಿ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಉಣ್ಣಬೇಕು, ನಿನಗೆ ಪ್ರೀತಿ ಇಲ್ಲ, ನನಗೆ ಆಪತ್ತು ಇಲ್ಲ. ಇದರ ಮೇಲೆ 5 ನಿಮಿಷಕ್ಕಿಂತ ಹೆಚ್ಚು ಜಗ್ಗಿದರೆ ಬಂದಷ್ಟೂ ನಾರೇ. ಅದೇ ಪ್ರಸಂಗದ ಐದು ಗ್ರಾಮಗಳ ವಿಷಯ ಹಾಗಲ್ಲ. ಉದ್ಯೋಗಪರ್ವದಲ್ಲಿ ಧರ್ಮರಾಯ ಹೆಸರು ಹೇಳಿ ಕೇಳಿದ್ದು ನಾಲ್ಕೇ ಊರು, ಐದನೆಯದು ಯಾವುದಾದರೂ ಆಗಲಿ ಅಂದಿದ್ದಾನೆ. ಆ ನಾಲ್ಕರಲ್ಲಿ ಒಂದು ವಾರಣಾವತ! ಅರಗಿನ ಮನೆ ಉರಿದ ಊರನ್ನೇ ಯಾಕೆ ಕೇಳಿದ? ಕೌರವನಿಗೆ ಇದು ಕುಟುಕು ಅನಿಸಬಹುದು, ಕೃಷ್ಣ ಅದನ್ನು ಕ್ಷಮೆ ಎನ್ನಬಹುದು. ನೂರನೆಯ ಸಂಧಾನದಲ್ಲೂ ಇದಕ್ಕೆ ಜಾಗ ಇದೆ, ಪದ್ಯದಲ್ಲಿ ಎಡೆ ಇದ್ದರೆ. ಇಲ್ಲದಿದ್ದರೆ ಎಷ್ಟು ಚಂದದ ವಿಷಯವಾದರೂ ನುಂಗಿಕೊಳ್ಳಬೇಕು.

ಏಳು ದಿನ ಸಾಲಾಗಿ ಕೂಟ ನಡೆಯುವ ಸಪ್ತಾಹದಲ್ಲಿ ಮಾತ್ರ, ಒಮ್ಮೆ ಬಂದ ಮಾತು ಪುನಃ ಖಂಡಿತವಾಗಿ ಬೇಡ ಅನ್ನುತ್ತೇನೆ. ಏಳು ದಿನವೂ ಮುಂದಿನ ಸಾಲಿನಲ್ಲಿ ಅವೇ ಮುಖಗಳು. ಸೋಮವಾರ ಭೀಷ್ಮನ ಬಾಯಲ್ಲಿ ಬಂದ ಕ್ಷತ್ರಿಯಧರ್ಮದ ವ್ಯಾಖ್ಯಾನ ಗುರುವಾರ ಕರ್ಣನ ಬಾಯಲ್ಲಿ ಬಂದರೆ ಪಾತ್ರ ಎರಡೂ ಸತ್ತಂತೆ. ಮೊದಲಾದರೆ ಕಟೀಲಿನಲ್ಲಿ ಹೇಳಿದ್ದು ಕುಂದಾಪುರಕ್ಕೆ ಹೊಸತಾಗಿರುತ್ತಿತ್ತು, ಈಗ ಮೊಬೈಲಿನಲ್ಲಿ ರಾತ್ರಿಯೇ ತಲುಪಿರುತ್ತದೆ. ಎಲ್ಲಕ್ಕಿಂತ ಬೇಗ ಹಳಸುವುದು ಚುನಾವಣೆ, ಕೋರ್ಟು ಅಂತ ಇಂದಿನ ಸುದ್ದಿ ಸೇರಿಸಿದ ಚಟಾಕಿ. ಎರಡನೇ ಸಲಕ್ಕೆ ನಗು ಬರುವುದಿಲ್ಲ.

ವಾಲಿ ಮಾಡುವವರಿಗೆ ಇನ್ನೊಂದು ಮಾತು. ಗೆಲ್ಲುವ ಪ್ರಶ್ನೆಯನ್ನು ಕೊನೆಗೆ ಇಡಬೇಡಿ. ಪದ್ಯದಲ್ಲಿ ವಾಲಿ ಶರಣಾಗಲೇಬೇಕು, ಅಂಗದನನ್ನು ಒಪ್ಪಿಸಲೇಬೇಕು. ರಾಮನ ಬಾಯಿ ಕಟ್ಟಿಸಿದ ಮರುನಿಮಿಷ ಕೈಮುಗಿದರೆ ಸಭೆ ನಗುತ್ತದೆ. ಬೇಟೆಯ ಪ್ರಶ್ನೆ ಮೊದಲು, ಸೀತೆಯದು ನಡುವೆ, ರುಮೆ–ತಾರೆಯರದು ಕೊನೆಗೆ. ಅಲ್ಲಿ ರಾಮನಿಗೆ ಉತ್ತರ ಇದೆ, ಅದನ್ನು ಕೇಳಿಸಿಕೊಳ್ಳುತ್ತಾ ವಾಲಿಗೆ ಇಳಿಯಲು ಮೆಟ್ಟಿಲೂ ಇದೆ.