ಏಲಗಿರಿ ತಯಾರಿ: ಫ್ರೀವೀಲ್ ಕೊನೆಗೂ ಬಿಚ್ಚಿತು

ಬಿಚ್ಚಿತು! ಹೊಸೂರಿನಿಂದ ಏಲಗಿರಿ ಬೆಟ್ಟಕ್ಕೆ ಶನಿವಾರ-ಭಾನುವಾರದ ಸವಾರಿ ಹೊರಡಬೇಕಿದ್ದ ನಮ್ಮ ಸೈಕಲ್‌ಗಳಲ್ಲಿ ಒಂದನ್ನು ಕಟ್ಟಿಹಾಕಿದ್ದ ಹಠಮಾರಿ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು) ಹಬ್ (ಚಕ್ರದ ನಡುಭಾಗ) ಬಿಟ್ಟು ಹೊರಗೆ ಬಂದಿದೆ. ರೂಮು ನೋಡೋದು, ಪಂಕ್ಚರ್ ಕಿಟ್, ಲೈಟು, ಹೆಲ್ಮೆಟ್ ಎಲ್ಲ ನಿಮಗೆ ಗೊತ್ತಿರೋ ವಿಷಯ, ಅದನ್ನು ಬರೆಯೋದಿಲ್ಲ. ಈ ಸಲದ ಬರಹ ಪೂರ್ತಿ ಹಿಂದಿನ ಚಕ್ರದ ಬಗ್ಗೆಯೇ. ಶನಿವಾರ ಸಂಜೆ ಬೆಟ್ಟ ಹತ್ತಿದ ಮೇಲೆ ಭಾನುವಾರಕ್ಕೆ ಕಾಲಲ್ಲಿ ಕಸುವು ಉಳಿಯುತ್ತೋ ಇಲ್ಲವೋ ಅನ್ನೋದು ಅಲ್ಲೇ ತೀರ್ಮಾನ ಆಗೋದು.

ಮೊದಲು ದಾರಿ. ಹೊಸೂರಿನಿಂದ ಶೂಲಗಿರಿ ಮೇಲೆ ಕೃಷ್ಣಗಿರಿ, ಅಲ್ಲಿಂದ ಚೆನ್ನೈ ಹೆದ್ದಾರಿ ಹಿಡಿದು ಬರಗೂರು, ನಾಟ್ರಂಪಳ್ಳಿ. ಆಮೇಲೆ ಹೆದ್ದಾರಿ ಬಿಟ್ಟು ಪೊನ್ನೇರಿ ಕಡೆ ತಿರುಗಿದರೆ ಘಟ್ಟದ ಬುಡ. ಒಟ್ಟು ನೂರು ಕಿಲೋಮೀಟರ್ ದಾಟುತ್ತದೆ. ಕೃಷ್ಣಗಿರಿವರೆಗಿನ ಸುಮಾರು 50 ಕಿಲೋಮೀಟರ್ ಒಟ್ಟಾರೆ ಇಳಿಜಾರು. ಹೊಸೂರು ಸಮುದ್ರಮಟ್ಟದಿಂದ 880 ಮೀಟರ್ ಆಸುಪಾಸಿನಲ್ಲಿದೆ, ಕೃಷ್ಣಗಿರಿ ಅದಕ್ಕಿಂತ ನಾನ್ನೂರು ಮೀಟರ್‌ನಷ್ಟು ಕೆಳಗೆ. ಲಾರಿಗಳ ಕಾಟ ಬೇಡ ಅನ್ನೋರು ಕೆಲಮಂಗಲ, ರಾಯಕೋಟೆ ಮೇಲೆ ಹೋಗಬಹುದು. ದಾರಿ ಉದ್ದ, ಆದರೆ ನೆಮ್ಮದಿ. ಬೆಳಿಗ್ಗೆ ಐದಕ್ಕೆ ಹೊರಟು, ಹನ್ನೊಂದರೊಳಗೆ ಬರಗೂರು ದಾಟಿ, ನಾಟ್ರಂಪಳ್ಳಿಯಲ್ಲಿ ಊಟ, ನೆರಳಲ್ಲಿ ಮಲಗಿ ಮೂರೂವರೆಗೆ ಘಟ್ಟ ಶುರು ಮಾಡೋದು. ಬರಗೂರಿಂದಾಚೆ ಮಧ್ಯಾಹ್ನದ ಬಿಸಿಲಲ್ಲಿ ತುಳಿಯೋದಕ್ಕೆ ಯಾರೂ ಹೋಗಬೇಡಿ, ಡಿಸೆಂಬರ್ ಆದರೂ ಸರಿ.

ಘಟ್ಟದಲ್ಲಿ 14 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ತಮಿಳು ಕವಿಗಳ, ಸಂಗಂ ಕಾಲದ ದಾನಿಗಳ ಹೆಸರಿನ ಬೋರ್ಡು ಇದೆ. ಮೇಲೆ ಸುಮಾರು 1,100 ಮೀಟರ್ ಎತ್ತರದಲ್ಲಿ ಅತ್ತನಾವೂರು, ಪುಂಗನೂರು ಕೆರೆ. ಕೆರೆ ಸುತ್ತ ಬೆಳಗಿನ ಹೊತ್ತು ನಡೆದು, ಮಂಗಳಂ ಹಳ್ಳಿ ಕಡೆಯಿಂದ ಸ್ವಾಮಿಮಲೆ ಹತ್ತಬೇಕು ಅನ್ನೋದು ಭಾನುವಾರದ ಲೆಕ್ಕ. ಆ ಶಿಖರ 1,338 ಮೀಟರ್. ಶನಿವಾರವೇ ಮಂಡಿ ಹೋದರೆ ಸ್ವಾಮಿಮಲೆ ಕನಸಿನ ಮಾತು. ರೂಮಿನ ಕಿಟಕಿಯಿಂದ ಬೆಟ್ಟ ನೋಡೋದಕ್ಕೆ ನೂರು ಕಿಲೋಮೀಟರ್ ತುಳಿಯಬೇಕಾಗಿಲ್ಲ.

ಈಗ ಗೇರಿನ ಲೆಕ್ಕ. ನಮ್ಮಲ್ಲಿ ಬಹುತೇಕರ ಹತ್ತಿರ ಇರೋದು ಮುಂದೆ 48-38-28 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಹಲ್ಲುಚಕ್ರ (14-28) ಇರೋ ಹೈಬ್ರಿಡ್ ಸೈಕಲ್. ಅತಿ ಸುಲಭದ ಗೇರ್ 28ಕ್ಕೆ 28, ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ಸವಾರ, ಸೈಕಲ್, ಸಾಮಾನು ಸೇರಿ 85 ಕೆಜಿ ಅಂತಿಟ್ಟುಕೊಳ್ಳಿ. 700×35 ಟೈರಿಗೆ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.8 ಕಿಲೋಮೀಟರ್. 6 ಪರ್ಸೆಂಟ್ ಏರಿನಲ್ಲಿ ಅದಕ್ಕೆ 120 ವ್ಯಾಟ್ ಬೇಕು. ದಿನಾ ಆಫೀಸಿಗೆ ಸೈಕಲ್ ತುಳಿಯೋರು ಅದನ್ನು ಎರಡು ಗಂಟೆ ಎಳೆಯಬಲ್ಲರು. ತೊಂದರೆ ಇರೋದು ತಿರುವುಗಳಲ್ಲಿ. ಒಳಮಗ್ಗುಲು ಯಾವಾಗಲೂ ಕಡಿದು. 8 ಪರ್ಸೆಂಟ್ ಬಂತು ಅಂದರೆ ಅದೇ 120 ವ್ಯಾಟ್‌ನಲ್ಲಿ ಸುತ್ತು 46ಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ತುಳಿಯೋದಲ್ಲ, ಮಂಡಿಯಿಂದ ಒತ್ತೋದು. ಹಿಂದಿನ ದೊಡ್ಡ ಹಲ್ಲುಚಕ್ರವನ್ನು 34 ಮಾಡಿದರೆ ಅದೇ ಜಾಗದಲ್ಲಿ 56 ಸುತ್ತು, ಪ್ರತಿ ತುಳಿತದ ಭಾರ ಸುಮಾರು ಆರರಲ್ಲೊಂದು ಪಾಲು ಕಡಿಮೆ. ಹದಿನಾಲ್ಕು ತಿರುವಿಗೂ ಇದು ಸೇರಿಕೊಳ್ಳುತ್ತದೆ. ಹೊಸ ಸೈಕಲ್ ಬೇಡ, ಹೊಸ ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಬೇಡ, ಒಂದು 14-34 ಫ್ರೀವೀಲ್, ಒಂದು ಚೈನ್. ಘಟ್ಟಕ್ಕೆ ಇದಕ್ಕಿಂತ ಒಳ್ಳೆ ಖರ್ಚು ಇಲ್ಲ ಅಂತ ಖಂಡಿತ ಹೇಳಬಲ್ಲೆ.

ಸಾಮಾನು ತರಿಸೋ ಕಥೆ ಬೇರೆ. ಆನ್‌ಲೈನ್‌ನಲ್ಲಿ ತರಿಸಿದ ಡಬ್ಬದ ಮೇಲೆ 14-34 ಅಂತ ಚೀಟಿ, ಒಳಗೆ 14-28! ವಾಪಸ್ ಕಳಿಸಿದರೆ ಮತ್ತೆ ಅದೇ ಬಂತು. ಅಂಗಡಿಯಲ್ಲಿ ಕೇಳಿದರೆ 34 ಹಲ್ಲಿಂದು ಬರೋದೇ ಇಲ್ಲ, ಹೊಸ ಗಾಡಿ ತಗೊಳ್ಳಿ ಅನ್ನೋ ಉತ್ತರ. ಬರುತ್ತದೆ ಸ್ವಾಮಿ, ಶಿಮಾನೊದಲ್ಲೇ ಇದೆ, ಹಲ್ಲಿನ ಸಾಲು 14-16-18-20-22-24-34. ಡಬ್ಬ ಬಂದ ತಕ್ಷಣ ಕೊನೆಯ ಚಕ್ರದ ಒಂದು ಹಲ್ಲಿಗೆ ಚಾಕ್ ಗುರುತು ಹಾಕಿ ಎಣಿಸಿ. ಚೀಟಿ ನಂಬಬೇಡಿ.

ಹೊಸದು ಕೈಗೆ ಬಂದ ಮೇಲೆ ಹಳೆಯದು ಬಿಚ್ಚಲಿಲ್ಲ. ಇಲ್ಲಿ ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಹಳೇ ಸೈಕಲ್ ಇಟ್ಟುಕೊಂಡಿರೋ ಎಲ್ಲರಿಗೂ ಈ ಗೋಳು ಕಾದಿದೆ.

ಫ್ರೀವೀಲ್ ಹಬ್‌ಗೆ ಮರೆಯಿಂದ (ಥ್ರೆಡ್, ಅಂದರೆ ಸ್ಕ್ರೂವಿನ ಸುರುಳಿ ಗೆರೆ) ಕೂರುತ್ತದೆ, ಮಾಮೂಲಿ ಬಲಗೈ ಮರೆ, ಬಲಕ್ಕೆ ತಿರುಗಿಸಿದರೆ ಬಿಗಿ. ತುಳಿದಷ್ಟೂ ಚೈನ್ ಅದನ್ನು ಬಿಗಿ ಮಾಡುತ್ತಲೇ ಹೋಗುತ್ತದೆ. 60 ಕೆಜಿ ಸವಾರ 170 ಮಿಲಿಮೀಟರ್ ಕ್ರ್ಯಾಂಕ್ ಮೇಲೆ ಎದ್ದು ನಿಂತರೆ ಪೆಡಲ್ ಕಡೆ 100 ನ್ಯೂಟನ್ ಮೀಟರ್ ತಿರುಚುವ ಬಲ. 28ಕ್ಕೆ 28ರಲ್ಲಿ ಅದು ಇದ್ದಹಾಗೇ ಮರೆಗೆ ಹೋಗುತ್ತದೆ. ಪ್ರತಿ ಏರಿನಲ್ಲೂ ಹೀಗೆ, ವರ್ಷಗಟ್ಟಲೆ. ಮೇಲಿಂದ ಮಳೆನೀರು, ಅಲ್ಯೂಮಿನಿಯಂ ಹಬ್, ಸ್ಟೀಲ್ ಫ್ರೀವೀಲ್, ಮಧ್ಯೆ ಗ್ರೀಸ್ ಹಚ್ಚದ ಕಾರ್ಖಾನೆ ಜೋಡಣೆ. ಎರಡು ಬೇರೆ ಲೋಹ ಒದ್ದೆಯಲ್ಲಿ ಸೇರಿದರೆ ಮರೆಯೊಳಗೆ ಬಿಳಿ ಪುಡಿ ಕಟ್ಟಿ ಅಂಟು ಹಾಕಿದಂತಾಗುತ್ತದೆ. 12 ಇಂಚಿನ ಸ್ಪ್ಯಾನರ್ ತುದಿಯಲ್ಲಿ 34 ಕೆಜಿ ಭಾರ ಹಾಕಿದರೆ ಸಿಗೋದು ಬರೀ ಆ 100. ಅಂಟು ಬಿಡಿಸೋಕೆ ಅದರ ಮೇಲೆ ಇನ್ನೂ ಬೇಕು.

ಅದಕ್ಕಿಂತ ದೊಡ್ಡ ತೊಡಕು ಟೂಲಿನದು. ಏಳು ಸ್ಪೀಡಿನ ಫ್ರೀವೀಲ್ ಒಳಗೆ 12 ಗೀರಿನ (ಟೂಲನ್ನು ಹಿಡಿಯೋ ಉದ್ದುದ್ದ ಹಲ್ಲು) ಸಾಕೆಟ್ ಇದೆ, ಟೂಲ್ ಅದರಲ್ಲಿ ಪೂರ್ತಿ ಕೂರಬೇಕು. ಇಲ್ಲಿ ಸಿಗೋ ಅಗ್ಗದ ಟೂಲಿನ ಗೋಡೆ ದಪ್ಪ. ಆಕ್ಸಲ್ (ಚಕ್ರದ ಅಚ್ಚು) ಮೇಲಿರೋ ಲಾಕ್‌ನಟ್ಟಿಗೆ ಅಡ್ಡ ತಾಗಿ ಅರ್ಧದಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಕೂತಂತೆಯೇ ಕಾಣುತ್ತದೆ. ಜೋರು ಹಾಕಿದ ಕ್ಷಣ ಗೀರುಗಳ ತುದಿ ಮಾತ್ರ ಹಿಡಿದು, ಅಂಚು ಕಿತ್ತು, ಜಾರುತ್ತದೆ. ಹಾಗೆ ಜಾರಿದ ಸಾಕೆಟ್ಟನ್ನು ಟಾರ್ಚ್ ಹಾಕಿ ನೋಡಿದರೆ ಗೀರಿನ ಮೇಲ್ತುದಿಯಲ್ಲಿ ಹೊಳೆಯುವ ಹೊಸ ಗಾಯ, ಒಳಗಡೆ ಮುಟ್ಟದೆ ಉಳಿದ ಕಪ್ಪು. ಈ ಎರಡು ಬಣ್ಣ ಕಂಡರೆ ತಪ್ಪು ಕೈಬಲದ್ದಲ್ಲ, ಟೂಲ್ ಕೂತಿಲ್ಲ ಅಂತಲೇ ಅರ್ಥ.

ಕೆಲಸ ಕೊಟ್ಟ ಕ್ರಮ ಹೀಗಿದೆ. ಚಕ್ರ ಬಿಚ್ಚಿ, ಫ್ರೀವೀಲ್ ಕಡೆಯ ಲಾಕ್‌ನಟ್ ಮತ್ತು ಸ್ಪೇಸರ್ ತೆಗೆಯಿರಿ. ಎಡಗಡೆಯ ಕೋನ್ (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯೋ ನಟ್) ಮತ್ತು ಲಾಕ್‌ನಟ್ಟನ್ನು ಮುಟ್ಟಬೇಡಿ. ಬಲಗಡೆ ಕೋನ್ ಸಡಿಲವಾಗಿ ಬೇರಿಂಗ್ ಗುಂಡು ಉದುರಬಾರದು ಅಂತ ಚಕ್ರವನ್ನು ಫ್ರೀವೀಲ್ ಮೇಲಿರುವಂತೆ ಮಲಗಿಸಿ. ತುಕ್ಕು ಬಿಡಿಸುವ ಎಣ್ಣೆಯನ್ನು ಹಬ್‌ಗೂ ಫ್ರೀವೀಲ್‌ಗೂ ನಡುವಿನ ಸಂದಿಗೆ ಸ್ಪೋಕ್ ಕಡೆಯಿಂದ ಬಿಡಬೇಕು, ಮೇಲಿಂದ ಹಾಕಿದರೆ ಒಳಗಿನ ಗುಂಡುಗಳಿಗೆ ಹೋಗುತ್ತದೆಯೇ ಹೊರತು ಮರೆಗೆ ಮುಟ್ಟಲ್ಲ. ಒಂದು ರಾತ್ರಿ ಬಿಡಿ. ಆಮೇಲೆ ಟೂಲ್ ಇಟ್ಟು, ಬುಡದವರೆಗೆ ಇಳಿದಿದೆಯಾ ಅಂತ ನೋಡಿ, ಆಕ್ಸಲ್ ನಟ್ಟನ್ನು ಮೇಲಿಂದ ಕೈಯಲ್ಲಿ ಬಿಗಿ ಮಾಡಿ ಟೂಲ್ ಮೇಲೇಳದಂತೆ ಹಿಡಿಸಿ.

ಈಗ ಸ್ಪ್ಯಾನರ್ ಬಿಡಿ. ಟೂಲಿನ ಚಪ್ಪಟೆ ಮುಖಗಳನ್ನು ಬೆಂಚ್ ವೈಸ್‌ನಲ್ಲಿ ಕಚ್ಚಿಸಿ ಚಕ್ರವನ್ನು ಮೇಲೆ ಅಡ್ಡ ಕೂರಿಸಿ, ರಿಮ್ಮನ್ನು ಎರಡೂ ಕೈಯಲ್ಲಿ ಎದುರು ಬದುರು ಹಿಡಿದು ಎಡಕ್ಕೆ ತಿರುಗಿಸಿ. ರಿಮ್ಮಿನ ಅಡ್ಡಳತೆ 62 ಸೆಂಟಿಮೀಟರ್, ಒಂದೊಂದು ಕೈಗೆ 16 ಕೆಜಿ ಬಂದರೆ ಅದೇ 100 ನ್ಯೂಟನ್ ಮೀಟರ್. ಎಳೆತ ಎರಡೂ ಕಡೆ ಸಮ ಇರೋದರಿಂದ ಟೂಲ್ ಓರೆ ಆಗಲ್ಲ, ಓರೆ ಆಗದಿದ್ದರೆ ಜಾರಲ್ಲ. ಬಿಡುವಾಗ ಬರುವ ಟಕ್ ಸದ್ದು ಕೇಳಿ ಸ್ಪೋಕ್ ಮುರಿಯಿತು ಅಂತ ಗಾಬರಿ ಬೀಳಬೇಡಿ. ಸದ್ದು ಬಂದ ಕೂಡಲೇ ನಿಲ್ಲಿಸಿ ಆಕ್ಸಲ್ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಲೇಬೇಕು. ಇಲ್ಲದಿದ್ದರೆ ಮೇಲೆ ಬರುತ್ತಿರೋ ಫ್ರೀವೀಲ್ ನಟ್ಟಿಗೆ ಒತ್ತಿ ಆಕ್ಸಲ್ ಮರೆ ಹಾಳು.

ಸಾಕೆಟ್ ಆಗಲೇ ಸವೆದು ಹೋಗಿದ್ದರೆ ಇನ್ನೊಂದು ದಾರಿ ಇದೆ. ಹೇಗೂ ಎಸೆಯೋ ಫ್ರೀವೀಲ್ ತಾನೇ. ಮುಖದ ಮೇಲೆ ಎರಡು ಗುಂಡಿ ಇರೋ ಉಂಗುರ ಎಡಗೈ ಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪಂಚು ಸುತ್ತಿಗೆ ಸಾಕು. ಕೆಳಗೆ ಹಳೇ ಬಟ್ಟೆ ಹಾಸಿ, ಸಣ್ಣ ಗುಂಡುಗಳು ಅಂಗಳ ತುಂಬ ಓಡುತ್ತವೆ. ಉಳಿಯೋ ಒಳಗಿನ ದಿಂಡನ್ನು ವೈಸ್‌ನಲ್ಲಿ ನೇರವಾಗಿ ಕಚ್ಚಿಸಿ ಚಕ್ರ ತಿರುಗಿಸಿ.

ಹೊಸದನ್ನು ಕೂರಿಸುವ ಮುಂಚೆ ಮರೆಗೆ ಧಾರಾಳವಾಗಿ ಗ್ರೀಸ್. ಕೈಯಲ್ಲೇ ಪೂರ್ತಿ ಹೋಗಬೇಕು, ಒಂದು ಸುತ್ತಿಗೇ ಬಿಗಿ ಆದರೆ ಮರೆ ಅಡ್ಡ ಹಿಡಿದಿದೆ, ವಾಪಸ್ ತೆಗೆಯಿರಿ. ಸ್ಪೇಸರ್, ಲಾಕ್‌ನಟ್ ಹಾಕಿ ಬಲಗಡೆ ಕೋನ್ ಮತ್ತೆ ಅಡ್ಜಸ್ಟ್ ಮಾಡೋದನ್ನು ಮರೆಯಬೇಡಿ, ಆಕ್ಸಲ್ ಆಡಬಾರದು, ಗರಗರ ಅನ್ನಲೂಬಾರದು.

ಇಷ್ಟೆಲ್ಲ ಮಾಡುವಾಗ ತಲೆಯಲ್ಲಿ ಓಡುತ್ತಿದ್ದದ್ದು ಜವಾದಿ ಬೆಟ್ಟ. ಏಲಗಿರಿಯಿಂದ ಆಚೆಗೆ ಕಾಣೋ ಆ ಸಾಲಿನಲ್ಲೇ ಕಾವಲೂರು ಇದೆ, ವೈನು ಬಾಪು ವೀಕ್ಷಣಾಲಯ, 1986ರಲ್ಲಿ ಶುರುವಾದ 2.34 ಮೀಟರ್ ದೂರದರ್ಶಕ. ಬೆಟ್ಟ, ಕಾಡು, ಕತ್ತಲು, ನಕ್ಷತ್ರ, ನಾಲ್ಕೂ ಒಂದೇ ಜಾಗದಲ್ಲಿ! ನೋಡಲು ಬಿಡುವ ದಿನ ಮೊದಲೇ ವಿಚಾರಿಸಿಕೊಂಡು, ಅಮಾವಾಸ್ಯೆ ಹತ್ತಿರದ ಶನಿವಾರಕ್ಕೆ ಮುಂದಿನ ಸವಾರಿ. ಅದಕ್ಕೆ ಡೈನಮೋ ಹಬ್ (ಚಕ್ರ ತಿರುಗಿದಂತೆ ಲೈಟಿಗೆ ಕರೆಂಟ್ ಕೊಡೋ ಹಬ್) ಬೇಕು, ಮುಂದಿನ ಚಕ್ರ ಹೊಸದಾಗಿ ಕಟ್ಟಬೇಕು. ಇರಲಿ, ಅದು ಆಮೇಲೆ.

ಚೈನ್. 28ರಿಂದ 34ಕ್ಕೆ ಹೋದಾಗ ಆರು ಹಲ್ಲು ಹೆಚ್ಚು, ಚೈನ್ ಸುತ್ತೋದು ಅರ್ಧ ಚಕ್ರ, ಹಾಗಾಗಿ ಮೂರು ಕೊಂಡಿ ಸಾಲದು. ಕೊಂಡಿ ಸೇರೋದು ಜೋಡಿಯಲ್ಲಿ, ನಾಲ್ಕು ಹಾಕಬೇಕು. ಅಂದಾಜು ಬೇಡ, ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಹಿಂದಿನ ತೋಳು) ಬಿಟ್ಟು ಮುಂದೆ 48, ಹಿಂದೆ 34ಕ್ಕೆ ಚೈನ್ ಸುತ್ತಿ, ಕೂಡೋ ಜಾಗದಿಂದ ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಗಿಡ್ಡ ಚೈನ್ ಹಾಕಿ ಮರೆತು 48-34ಕ್ಕೆ ಗೇರ್ ಬಿದ್ದರೆ ಡಿರೇಲರ್ ಕೊಂಬೆಯಂತೆ ಮುರಿಯುತ್ತದೆ. ಹಳೇ ಚೈನ್‌ನಲ್ಲಿ 12 ಇಂಚಿನ ಅಳತೆ ಹದಿನಾರನೇ ಒಂದು ಇಂಚು ಹೆಚ್ಚು ಬಂದಿದ್ದರೆ ಹೊಸದೇ ಹಾಕಿ. ಡಿರೇಲರ್ ಉದ್ದ ಕೇಜ್‌ನದೇ (ಪುಲ್ಲಿಗಳನ್ನು ಹಿಡಿದಿರೋ ಚೌಕಟ್ಟು) ಇರಬೇಕು, ಈ ಜೋಡಣೆಗೆ 40 ಹಲ್ಲಿನ ಕೆಪ್ಯಾಸಿಟಿ ಬೇಕು, ಅಂದರೆ ಮುಂದಿನ 20, ಹಿಂದಿನ 20 ಹಲ್ಲಿನ ವ್ಯತ್ಯಾಸ ಸೇರಿ. ಮೇಲಿನ ಪುಲ್ಲಿ 34ಕ್ಕೆ ಉಜ್ಜುತ್ತಿದ್ದರೆ ಬಿ ಸ್ಕ್ರೂ (ಪುಲ್ಲಿಯನ್ನು ಹಲ್ಲುಚಕ್ರದಿಂದ ದೂರ ಸರಿಸೋ ಸ್ಕ್ರೂ) ಒಳಗೆ ತಿರುಗಿಸುತ್ತ ಹೋಗಿ, ಕೂದಲೆಳೆ ಸಂದಿ ಸಾಲದು, ಐದಾರು ಮಿಲಿಮೀಟರ್ ಇರಲಿ.

24ರಿಂದ 34ಕ್ಕೆ ಹಾರೋದು ದೊಡ್ಡ ಹಾರಾಟ. ತಿರುವಿನ ಮಧ್ಯೆ ಪೂರ್ತಿ ಭಾರ ಹಾಕಿ ಗೇರ್ ಬದಲಿಸಿದರೆ ಚೈನ್ ಸ್ಪೋಕ್ ಕಡೆ ಬೀಳಬಹುದು. ತಿರುವಿನ ಬೋರ್ಡ್ ಕಂಡ ಕೂಡಲೇ ಕಾಲು ಹಗುರ ಮಾಡಿ ಬದಲಿಸಿ. ಪರೀಕ್ಷೆಗೆ ಊರಲ್ಲೇ ಚಂದ್ರಚೂಡೇಶ್ವರ ಬೆಟ್ಟದ ರಸ್ತೆ ಇದೆ, ಚಿಕ್ಕದು, ಆದರೆ ಸಾಮಾನು ಕಟ್ಟಿಕೊಂಡೇ ಹತ್ತಿ ನೋಡಿ. ಖಾಲಿ ಸೈಕಲ್‌ನಲ್ಲಿ ಎಲ್ಲ ಗೇರೂ ಸರಿಯಾಗಿಯೇ ಕೆಲಸ ಮಾಡುತ್ತದೆ.

ಇಳಿಯೋದರ ಬಗ್ಗೆ ಸ್ವಲ್ಪ. 85 ಕೆಜಿ ಏಳುನೂರು ಮೀಟರ್ ಇಳಿದರೆ 580 ಕಿಲೋಜೂಲ್‌ಗಿಂತ ಹೆಚ್ಚು ಶಕ್ತಿ ಬಿಡುಗಡೆ ಆಗುತ್ತದೆ. ಗಾಳಿ ತಿಂದದ್ದು ಬಿಟ್ಟರೆ ಉಳಿದದ್ದು ಬ್ರೇಕಿಗೇ. ನಿಧಾನ ಇಳಿದಷ್ಟೂ ಗಾಳಿಯ ಪಾಲು ಕಡಿಮೆ, ರಿಮ್ಮಿನ ಪಾಲು ಜಾಸ್ತಿ. ಉದ್ದಕ್ಕೂ ಬ್ರೇಕ್ ಅದುಮಿ ಹಿಡಿಯಬೇಡಿ. ತಿರುವಿನ ಮುಂಚೆ ಎರಡೂ ಗಟ್ಟಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ತಣಿಯಲಿ. ನಾಲ್ಕೈದು ತಿರುವಿಗೊಮ್ಮೆ ನಿಂತು ರಿಮ್ ಹತ್ತಿರ ಕೈ ತಂದು ನೋಡಿ. ತಿಂಡಿ ಚೀಲ ಮಾತ್ರ ಹ್ಯಾಂಡಲ್‌ಗೆ ತೂಗುಹಾಕಿ ನಿಲ್ಲಬೇಡಿ, ಘಟ್ಟದ ಕೋತಿಗಳಿಗೆ ಜಿಪ್ ಎಳೆಯೋದು ಬರುತ್ತದೆ.

ವಾಪಸಾತಿಯಲ್ಲಿ ಕೃಷ್ಣಗಿರಿಯಿಂದ ಮುಂದಕ್ಕೆ ಸೈಕಲ್ ಬೇಡ ಅನ್ನೋದು ತೀರ್ಮಾನ. ಕೃಷ್ಣಗಿರಿಯಿಂದ ಹೊಸೂರಿಗೆ ಪೂರ್ತಿ ಏರು, ಭಾನುವಾರ ಸಂಜೆ ಬೆಂಗಳೂರಿಗೆ ಮರಳೋ ಕಾರುಗಳ ಸಾಲು, ಸರ್ವಿಸ್ ರಸ್ತೆಯಲ್ಲಿ ಎದುರಿಂದ ಬರೋ ಬೈಕ್‌ಗಳು. ಕೃಷ್ಣಗಿರಿ ಊರಿಗೆ ರೈಲಿಲ್ಲ, ಈಗಿನ ಸರ್ಕಾರಿ ಬಸ್ಸುಗಳ ಮೇಲೆ ಕ್ಯಾರಿಯರ್ ಇಲ್ಲ. ಹಾಗಾಗಿ ಕೃಷ್ಣಗಿರಿಯಿಂದ ಟಾಟಾ ಏಸ್. ಮುಂಚಕ್ರ ಬಿಚ್ಚಿ, ಸೈಕಲ್‌ಗಳನ್ನು ಒಂದು ಹಿಂದೆ ಒಂದು ಮುಂದೆ ತಿರುಗಿಸಿ ನಿಲ್ಲಿಸಿ, ಪೆಡಲ್ ಮತ್ತು ಸ್ಪೋಕ್ ನಡುವೆ ಗೋಣಿಚೀಲ ಹಾಕಿದರೆ ಆರು ಸೈಕಲ್ ಹಿಡಿಯುತ್ತದೆ. ಡಿರೇಲರ್ ಇರೋ ಬಲಗಡೆ ಯಾವುದಕ್ಕೂ ಒರಗಬಾರದು. ಬಾಡಿಗೆ ಮಾತಾಡುವಾಗ ಹೋಗಿ ಬರೋ ಎರಡೂ ಕಡೆ ಸೇರಿಸಿ ಕೇಳುತ್ತಾರೆ. ಹೊಸೂರಿಗೆ ಮಾವು, ತರಕಾರಿ ಇಳಿಸಿ ಖಾಲಿ ವಾಪಸ್ ಹೋಗೋ ಗಾಡಿ ನಮಗೆ ಉಪಯೋಗ ಇಲ್ಲ, ಹೊಸೂರಿಂದ ಲೋಡ್ ತರಲು ಕೃಷ್ಣಗಿರಿಯಿಂದ ಖಾಲಿ ಬರೋ ಗಾಡಿ ಬೇಕು. ಅಂಥ ಗಾಡಿ ಗೊತ್ತಿರೋರು ಹೇಳಿ, ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಅದೊಂದು ಸಿಕ್ಕರೆ ದಿನಾಂಕ ಗೊತ್ತುಮಾಡೋದಷ್ಟೇ ಬಾಕಿ.